ಡಿಸಿ ಜನರೇಟರ್ ಮತ್ತು ಮೋಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಭೌತಶಾಸ್ತ್ರವನ್ನು ಕನ್ನಡದಲ್ಲೇ ಓದಿದ ಮಕ್ಕಳು ಐಟಿಐಗೋ ಪಾಲಿಟೆಕ್ನಿಕ್‌ಗೋ ಸೇರಿದಾಗ, ವಿದ್ಯುತ್ ಯಂತ್ರಗಳ ಪಾಠ ಅವರಿಗೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ದೊರೆಯುತ್ತದೆ. ಗೊತ್ತಿದ್ದ ವಿಷಯವೂ ಆಗ ಹೊಸದಾಗಿ ಕಾಣುತ್ತದೆ. ಅಂಥ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನೂ, ತೋಟದ ಸೋಲಾರ್ ಪಂಪ್, ಮದ್ದು ಬಿಡುವ ಬ್ಯಾಟರಿ ಯಂತ್ರ, ಆಟೋರಿಕ್ಷಾದ ಸೆಲ್ಫ್ ಮೋಟಾರ್ ಮುಂತಾದವನ್ನು ದಿನನಿತ್ಯ ಬಳಸುವವರು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಜನರೇಟರ್ ಒಂದು ಪಾಠ, ಮೋಟಾರ್ ಇನ್ನೊಂದು ಪಾಠ ಎಂದು ಬೇರೆ ಬೇರೆಯಾಗಿ ಕಲಿಸುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ಪುಟದಲ್ಲಿ ಅವೆರಡನ್ನೂ ಒಂದೇ ಯಂತ್ರದ ಎರಡು ಕೆಲಸಗಳೆಂದು ಪರಿಗಣಿಸಲಾಗಿದೆ.

ಡಿಸಿ ಎಂದರೇನು? ಮನೆಗೆ ಬರುವ ಕರೆಂಟಿಗೂ ಅದಕ್ಕೂ ಏನು ವ್ಯತ್ಯಾಸ?

ಡಿಸಿ ಎಂದರೆ ಏಕಮುಖ ವಿದ್ಯುತ್ ಪ್ರವಾಹ. ನಮ್ಮ ಗುಡ್ಡಗಳ ಸುರಂಗದಿಂದ ಹೊರಬರುವ ನೀರಿನಂತೆ ಅದು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ. ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್ ಕೊಡುವುದು ಇದನ್ನೇ. ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ ಲೈನಿನಿಂದ ಮನೆಗೆ ಬರುವುದು 230 ವೋಲ್ಟಿನ, 50 ಹರ್ಟ್ಸ್‌ನ ಎಸಿ, ಅಂದರೆ ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುತ್ತದೆ.

ಜನರೇಟರಿನಲ್ಲಿ ವಿದ್ಯುತ್ ಹುಟ್ಟುವುದು ಹೇಗೆ?

ಕಾಂತಕ್ಷೇತ್ರದಲ್ಲಿರುವ ತಂತಿಯೊಂದು ಆ ಕ್ಷೇತ್ರದ ರೇಖೆಗಳನ್ನು ಕತ್ತರಿಸುತ್ತ ಚಲಿಸಿದರೆ ಅದರ ಎರಡು ತುದಿಗಳ ನಡುವೆ ವಿದ್ಯುಚ್ಚಾಲಕ ಬಲ ಉಂಟಾಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟ ಈ ವಿದ್ಯುತ್ಕಾಂತೀಯ ಪ್ರೇರಣೆಯೇ ಜನರೇಟರಿನ ಮೂಲತತ್ವ. ಬಲದ ಪ್ರಮಾಣ ಮೂರು ಸಂಗತಿಗಳನ್ನು ಅವಲಂಬಿಸಿದೆ: ಕಾಂತಕ್ಷೇತ್ರದ ತೀವ್ರತೆ, ಕ್ಷೇತ್ರದೊಳಗಿರುವ ತಂತಿಯ ಉದ್ದ ಮತ್ತು ತಂತಿಯ ವೇಗ. ಮೂರನ್ನೂ ಗುಣಿಸಿದರೆ ವೋಲ್ಟ್ ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ತಂತಿಗಳನ್ನು ಹೊತ್ತು ತಿರುಗುವ ಭಾಗಕ್ಕೆ ಆರ್ಮೇಚರ್ ಎಂದು ಹೆಸರು. ಸುಮಾರು ಹದಿಮೂರು ಸೆಂಟಿಮೀಟರ್ ವ್ಯಾಸದ ಆರ್ಮೇಚರ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಅದರ ಮೇಲಿನ ತಂತಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕಾಂತಕ್ಷೇತ್ರ 0.8 ಟೆಸ್ಲಾ, ತಂತಿಯ ಉದ್ದ 20 ಸೆಂಟಿಮೀಟರ್ ಆಗಿದ್ದರೆ ಒಂದು ತಂತಿಯಲ್ಲಿ ಹುಟ್ಟುವುದು ಕೇವಲ 1.6 ವೋಲ್ಟ್. ಒಂದು ತಂತಿಯಿಂದ ದೊರೆಯುವುದು ಇಷ್ಟು ಅಲ್ಪವಾದ್ದರಿಂದಲೇ ಆರ್ಮೇಚರಿನ ಮೈಮೇಲಿನ ಸೀಳುಗಳಲ್ಲಿ (ಸ್ಲಾಟ್) ನೂರಾರು ತಂತಿಗಳನ್ನು ಹೂಡಿ, ಅವುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ಬೇಕಾದ ವೋಲ್ಟೇಜನ್ನು ಪಡೆಯುತ್ತಾರೆ.

ಪ್ರವಾಹದ ದಿಕ್ಕನ್ನು ತಿಳಿಯಲು ಫ್ಲೆಮಿಂಗ್‌ನ ಬಲಗೈ ನಿಯಮವಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಹಿಡಿದಾಗ ಹೆಬ್ಬೆರಳು ಚಲನೆಯನ್ನೂ ತೋರುಬೆರಳು ಕಾಂತಕ್ಷೇತ್ರವನ್ನೂ ಸೂಚಿಸಿದರೆ ನಡುಬೆರಳು ಪ್ರವಾಹದ ದಿಕ್ಕನ್ನು ಸೂಚಿಸುತ್ತದೆ. ಮೋಟಾರಿಗೆ ಇದೇ ನಿಯಮವನ್ನು ಎಡಗೈಯಲ್ಲಿ ಹಿಡಿಯಬೇಕು. ಪರೀಕ್ಷೆಯಲ್ಲಿ ಕೈ ತಪ್ಪಿಹೋಗುವವರು ಬಹಳ ಮಂದಿ ಇರುವುದರಿಂದ ಇದನ್ನು ಪ್ರತ್ಯೇಕವಾಗಿ ಹೇಳುತ್ತಿದ್ದೇನೆ.

ತಿರುಗುವ ಸುರುಳಿಯಲ್ಲಿ ಹುಟ್ಟುವುದು ಎಸಿ ಅಲ್ಲವೇ? ಡಿಸಿ ಎಲ್ಲಿಂದ ಬಂತು?

ಪ್ರಶ್ನೆ ಅತ್ಯಂತ ಸರಿಯಾದದ್ದು. ಸುರುಳಿಯ ಒಂದು ಬದಿ ಉತ್ತರ ಧ್ರುವದ ಕೆಳಗೆ ಹಾದುಹೋಗುವಾಗ ಅದರಲ್ಲಿ ಒಂದು ದಿಕ್ಕಿನ ಬಲ ಹುಟ್ಟುತ್ತದೆ. ಅರ್ಧ ಸುತ್ತಿನ ನಂತರ ಅದೇ ಬದಿ ದಕ್ಷಿಣ ಧ್ರುವದ ಕೆಳಗೆ ಬಂದಾಗ ದಿಕ್ಕು ತಿರುಗುಮುರುಗಾಗುತ್ತದೆ. ಹೀಗಾಗಿ ಡಿಸಿ ಜನರೇಟರಿನ ಆರ್ಮೇಚರಿನ ಒಳಗೆ ಇರುವುದು ಎಂದಿಗೂ ಎಸಿಯೇ. ಅದನ್ನು ಹೊರಗಿನ ಸರ್ಕಿಟಿಗೆ ಡಿಸಿಯಾಗಿ ಒಪ್ಪಿಸುವುದು ಕಮ್ಯುಟೇಟರಿನ ಕೆಲಸ.

ಅತಿ ಸರಳವಾದ ಕಮ್ಯುಟೇಟರ್ ಎಂದರೆ ಎರಡು ಹೋಳುಗಳಾಗಿ ಸೀಳಿದ ಒಂದು ತಾಮ್ರದ ಉಂಗುರ. ಸುರುಳಿಯ ಒಂದೊಂದು ತುದಿಯನ್ನು ಒಂದೊಂದು ಹೋಳಿಗೆ ಬೆಸೆದಿರುತ್ತಾರೆ. ಉಂಗುರ ಆರ್ಮೇಚರಿನೊಂದಿಗೆ ತಿರುಗುತ್ತದೆ, ಹೊರಗಿನ ತಂತಿಗಳಿಗೆ ಜೋಡಿಸಿದ ಇಂಗಾಲದ ತುಂಡುಗಳಾದ ಬ್ರಷ್‌ಗಳು ಮಾತ್ರ ನಿಂತಲ್ಲೇ ನಿಂತು ಅದನ್ನು ಒತ್ತಿಕೊಂಡಿರುತ್ತವೆ. ಸುರುಳಿಯೊಳಗೆ ದಿಕ್ಕು ಬದಲಾಗುವ ಕ್ಷಣದಲ್ಲೇ ಬ್ರಷ್‌ಗಳ ಕೆಳಗಿನ ಹೋಳುಗಳೂ ಅದಲುಬದಲಾಗುವುದರಿಂದ, ಹೊರಗಿನ ತಂತಿಗೆ ಆ ಬದಲಾವಣೆ ತಲುಪುವುದೇ ಇಲ್ಲ. 1832ರಲ್ಲಿ ಪ್ಯಾರಿಸ್ಸಿನ ಉಪಕರಣ ತಯಾರಕ ಪಿಕ್ಸಿ ಕೈಯಿಂದ ತಿರುಗಿಸುವ ಯಂತ್ರವೊಂದನ್ನು ಮಾಡಿದಾಗ ಅದರಿಂದ ಬಂದದ್ದು ಎಸಿ. ಆಂಪಿಯರ್ ಕೊಟ್ಟ ಸಲಹೆಯಂತೆ ಅದಕ್ಕೆ ಕಮ್ಯುಟೇಟರನ್ನು ಅಳವಡಿಸಲಾಯಿತು.

ಎರಡೇ ಹೋಳುಗಳಿದ್ದರೆ ದೊರೆಯುವ ವೋಲ್ಟೇಜ್ ಒಂದೇ ದಿಕ್ಕಿನದಾದರೂ ಪ್ರತಿ ಅರ್ಧ ಸುತ್ತಿಗೊಮ್ಮೆ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ಸುರುಳಿಗಳನ್ನೂ ಹೋಳುಗಳನ್ನೂ ಹೆಚ್ಚಿಸಿದಂತೆ, ಒಂದು ಸುರುಳಿ ಇಳಿಯುವಾಗ ಮತ್ತೊಂದು ಏರಿರುವುದರಿಂದ, ಒಟ್ಟು ವೋಲ್ಟೇಜ್ ಬಹುತೇಕ ಸಮವಾಗುತ್ತದೆ.

ಯಂತ್ರವನ್ನು ಬಿಚ್ಚಿದರೆ ಒಳಗೆ ಏನೇನು ಕಾಣುತ್ತದೆ?

ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ಒಂದು ವೈಂಡಿಂಗ್ ಅಂಗಡಿಗೆ ಹೋಗಿ, ಬಿಚ್ಚಿಟ್ಟ ಹಳೆಯ ಸೆಲ್ಫ್ ಮೋಟಾರೊಂದನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೆ ಸಮನಾದ ಪಾಠ ಪುಸ್ತಕದಲ್ಲಿ ಇಲ್ಲ. ಹೊರಗಿನ ಕಬ್ಬಿಣದ ಕೊಳವೆಯೇ ಯೋಕ್. ಅದು ಬರಿಯ ಕವಚವಲ್ಲ, ಕಾಂತರೇಖೆಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಮರಳುವ ದಾರಿ. ಅದರ ಒಳಮೈಗೆ ಸ್ಕ್ರೂ ಹಾಕಿ ಕೂರಿಸಿದ ಧ್ರುವಗಳ ಸುತ್ತ, ಕಾಂತಕ್ಷೇತ್ರವನ್ನು ಉಂಟುಮಾಡುವ ಫೀಲ್ಡ್ ಸುರುಳಿಗಳಿರುತ್ತವೆ. ಸೆಲ್ಫ್ ಮೋಟಾರಿನಲ್ಲಿ ಈ ಸುರುಳಿಯು ತೆಳು ತಂತಿಯದ್ದಲ್ಲ, ಪಟ್ಟಿಯಂಥ ದಪ್ಪ ತಾಮ್ರದ್ದು, ಏಕೆಂದರೆ ಎಂಜಿನ್ನನ್ನು ತಿರುಗಿಸುವ ಪೂರ್ತಿ ಪ್ರವಾಹ ಅದರ ಮೂಲಕವೇ ಹರಿಯಬೇಕು. ಇತ್ತೀಚಿನ ಹಲವು ಚಿಕ್ಕ ಮೋಟಾರುಗಳಲ್ಲಿ ಫೀಲ್ಡ್ ಸುರುಳಿಯೇ ಇಲ್ಲ, ಅದರ ಜಾಗದಲ್ಲಿ ಶಾಶ್ವತ ಆಯಸ್ಕಾಂತಗಳನ್ನು ಅಂಟಿಸಿರುತ್ತಾರೆ.

ನಡುವೆ ತಿರುಗುವ ಭಾಗ ಆರ್ಮೇಚರ್. ಅದನ್ನು ಅಂಚಿನಿಂದ ನೋಡಿದರೆ ಗಟ್ಟಿ ಕಬ್ಬಿಣವಲ್ಲ, ಅರ್ಧ ಮಿಲಿಮೀಟರಿನಷ್ಟು ತೆಳುವಾದ ಉಕ್ಕಿನ ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದು ಎಂಬುದು ಕಾಣುತ್ತದೆ. ಗಟ್ಟಿ ಕಬ್ಬಿಣವನ್ನೇ ಬಳಸಿದರೆ ಆ ಕಬ್ಬಿಣವೂ ಕಾಂತರೇಖೆಗಳನ್ನು ಕತ್ತರಿಸಿ, ತನ್ನೊಳಗೆ ಸುಳಿ ಪ್ರವಾಹಗಳನ್ನು ಹುಟ್ಟಿಸಿ, ಸುಮ್ಮನೆ ಬಿಸಿಯಾಗುತ್ತದೆ. ಹಾಳೆಗಳ ನಡುವಣ ವಾರ್ನಿಷ್ ಆ ಪ್ರವಾಹಗಳ ದಾರಿಯನ್ನು ಕಡಿದುಹಾಕುತ್ತದೆ.

ಒಂದು ತುದಿಯಲ್ಲಿ ಕಮ್ಯುಟೇಟರ್ ಇದೆ. ತಾಮ್ರದ ಹೋಳುಗಳ ನಡುವೆ ಕಾಣುವ ಸಣ್ಣ ಗೆರೆಗಳಲ್ಲಿ ಅಭ್ರಕವಿರುತ್ತದೆ. ಸರಿಯಾಗಿ ಓಡಿದ ಯಂತ್ರದ ಕಮ್ಯುಟೇಟರಿನ ಮೇಲೆ ನಯವಾದ, ಕಂದು ಬಣ್ಣದ ತೆಳು ಪದರವೊಂದು ಕಟ್ಟಿಕೊಂಡಿರುತ್ತದೆ. ಹಲವರು ಇದನ್ನು ಕೊಳೆಯೆಂದು ತಿಳಿದು ಉಪ್ಪುಕಾಗದದಿಂದ ಉಜ್ಜಿ ತಾಮ್ರದ ಹೊಳಪು ಬರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. ಆ ಪದರವು ಯಂತ್ರದ ಆರೋಗ್ಯದ ಗುರುತು, ಬ್ರಷ್ ಸವೆಯದಂತೆ ಕಾಯುವುದೂ ಅದೇ. ಉಜ್ಜಬೇಕಾದದ್ದು ಸುಟ್ಟು ಕಪ್ಪಾಗಿ ಗುಳಿಬಿದ್ದ ಕಮ್ಯುಟೇಟರನ್ನು ಮಾತ್ರ.

ಅಂಗಡಿಗಳಲ್ಲಿ ಎಲ್ಲರೂ ಕಾರ್ಬನ್ ಎಂದೇ ಕರೆಯುವ ಬ್ರಷ್‌ಗಳು ಸ್ಪ್ರಿಂಗಿನ ಒತ್ತಡದಲ್ಲಿ ಇದರ ಮೇಲೆ ಕುಳಿತಿರುತ್ತವೆ. ತಾಮ್ರಕ್ಕಿಂತ ಮೃದುವಾದ ಇಂಗಾಲವನ್ನು ಬಳಸುವುದು ಉದ್ದೇಶಪೂರ್ವಕ: ಸವೆಯಬೇಕಾದದ್ದು ಸುಲಭವಾಗಿ ಬದಲಿಸಬಹುದಾದ ಬ್ರಷ್, ಕಮ್ಯುಟೇಟರ್ ಅಲ್ಲ.

ಲ್ಯಾಪ್ ವೈಂಡಿಂಗ್, ವೇವ್ ವೈಂಡಿಂಗ್ ಎಂದರೇನು?

ತಂತಿಗಳನ್ನು ಎಷ್ಟು ಸಮಾಂತರ ದಾರಿಗಳಾಗಿ ಜೋಡಿಸಿದ್ದೇವೆ ಎಂಬುದೇ ವ್ಯತ್ಯಾಸ. ಸರಳ ಲ್ಯಾಪ್ ವೈಂಡಿಂಗಿನಲ್ಲಿ ಧ್ರುವಗಳೆಷ್ಟೋ ದಾರಿಗಳಷ್ಟು. ಸರಳ ವೇವ್ ವೈಂಡಿಂಗಿನಲ್ಲಿ ಯಾವಾಗಲೂ ಎರಡೇ. ನಾಲ್ಕು ಧ್ರುವಗಳ, ಧ್ರುವವೊಂದಕ್ಕೆ 0.02 ವೆಬರ್ ಫ್ಲಕ್ಸ್ (ಧ್ರುವದಿಂದ ಹೊರಡುವ ಒಟ್ಟು ಕಾಂತರೇಖೆಗಳ ಅಳತೆ) ಇರುವ, 440 ತಂತಿಗಳ ಆರ್ಮೇಚರ್ 1500 ಸುತ್ತಿನ ವೇಗದಲ್ಲಿ ತಿರುಗಿದರೆ ವೇವ್ ವೈಂಡಿಂಗಿನಲ್ಲಿ 440 ವೋಲ್ಟ್, ಲ್ಯಾಪ್ ವೈಂಡಿಂಗಿನಲ್ಲಿ 220 ವೋಲ್ಟ್ ಸಿಗುತ್ತದೆ. ವೋಲ್ಟೇಜ್ ಅರ್ಧವಾದಾಗ ಕೊಡಬಲ್ಲ ಪ್ರವಾಹ ಇಮ್ಮಡಿಯಾಗುತ್ತದೆ. ಒಟ್ಟು ಸಾಮರ್ಥ್ಯ ಬದಲಾಗುವುದಿಲ್ಲ.

ಹಾಗಾದರೆ ಮೋಟಾರ್ ತಿರುಗುವುದು ಹೇಗೆ? ಅದಕ್ಕೆ ಬೇರೆ ಯಂತ್ರ ಬೇಕೇ?

ಬೇಡ. ಕಾಂತಕ್ಷೇತ್ರದಲ್ಲಿರುವ ತಂತಿಯ ಮೂಲಕ ಪ್ರವಾಹ ಹರಿಸಿದರೆ ಆ ತಂತಿಯ ಮೇಲೆ ಒಂದು ಬಲ ಬೀಳುತ್ತದೆ. ಆರ್ಮೇಚರಿನ ಒಂದು ಬದಿಯ ತಂತಿಗಳು ಮೇಲಕ್ಕೂ ಇನ್ನೊಂದು ಬದಿಯವು ಕೆಳಕ್ಕೂ ತಳ್ಳಲ್ಪಟ್ಟು ಅದು ತಿರುಗುತ್ತದೆ. ಅರ್ಧ ಸುತ್ತಾದ ಮೇಲೆ ತಂತಿಗಳು ಬದಿ ಬದಲಿಸಿದಾಗ ಕಮ್ಯುಟೇಟರ್ ಅವುಗಳ ಪ್ರವಾಹವನ್ನು ತಿರುಗಿಸಿ, ತಿರುಗುಬಲ ಒಂದೇ ದಿಕ್ಕಿನಲ್ಲಿ ಉಳಿಯುವಂತೆ ನೋಡಿಕೊಳ್ಳುತ್ತದೆ.

ಜನರೇಟರನ್ನೇ ಮೋಟಾರಾಗಿ ಬಳಸಬಹುದು ಎಂಬುದು ಜಗತ್ತಿಗೆ ಮನವರಿಕೆಯಾದದ್ದು 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿ. ಅಲ್ಲಿ ಗ್ರಾಮ್ ಎಂಬಾತ ರೂಪಿಸಿದ ಎರಡು ಒಂದೇ ಬಗೆಯ ಯಂತ್ರಗಳಲ್ಲಿ ಒಂದನ್ನು ಎಂಜಿನ್ನಿನಿಂದ ತಿರುಗಿಸಿ, ಅದರ ವಿದ್ಯುತ್ತಿನಿಂದ ದೂರದಲ್ಲಿದ್ದ ಇನ್ನೊಂದನ್ನು ಓಡಿಸಿ, ಅದರಿಂದ ನೀರಿನ ಪಂಪನ್ನು ನಡೆಸಿ ತೋರಿಸಲಾಯಿತು.

ಇದೇ ಪ್ರಯೋಗವನ್ನು ಮೇಜಿನ ಮೇಲೆ ಮಾಡಬಹುದು. ಆಟಿಕೆಯ ಎರಡು ಚಿಕ್ಕ ಮೋಟಾರುಗಳ ಶಾಫ್ಟುಗಳನ್ನು ಸೈಕಲ್ ವಾಲ್ವಿನ ರಬ್ಬರ್ ಟ್ಯೂಬಿನ ತುಂಡಿನಿಂದ ಎದುರುಬದುರಾಗಿ ಜೋಡಿಸಿ, ಒಂದಕ್ಕೆ ಬ್ಯಾಟರಿ ಕೊಟ್ಟು, ಇನ್ನೊಂದರ ತಂತಿಗಳಿಗೆ ಮಲ್ಟಿಮೀಟರ್ ಹಚ್ಚಬೇಕು. ಎರಡನೆಯದು ವೋಲ್ಟೇಜ್ ತೋರಿಸುತ್ತದೆ. ಬಳಿಕ ಎರಡನೆಯದರ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಎರಡೂ ಮೋಟಾರುಗಳು ಒಮ್ಮೆಲೇ ನಿಧಾನವಾಗುವುದು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಪ್ರವಾಹ ಹರಿಯತೊಡಗಿದ ಕೂಡಲೇ ಜನರೇಟರ್ ತನ್ನನ್ನು ತಿರುಗಿಸುವ ಬಲವನ್ನು ವಿರೋಧಿಸುತ್ತದೆ. ಲೆನ್ಸ್ ನಿಯಮವೆಂದು ಬಾಯಿಪಾಠ ಮಾಡುವುದು ಇದನ್ನೇ.

ಹಿಮ್ಮುಖ ವಿದ್ಯುಚ್ಚಾಲಕ ಬಲ ಎಂದರೇನು? ಅದಕ್ಕೆ ಅಷ್ಟು ಮಹತ್ವವೇಕೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿರುವವರು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೋಟಾರಿನ ಆರ್ಮೇಚರ್ ತಿರುಗುತ್ತಿದೆ. ಅದರ ತಂತಿಗಳು ಕಾಂತಕ್ಷೇತ್ರದಲ್ಲಿವೆ. ಕಾಂತಕ್ಷೇತ್ರದಲ್ಲಿ ಚಲಿಸುವ ತಂತಿಯಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟಲೇಬೇಕು ಎಂದು ಈಗಾಗಲೇ ನೋಡಿದ್ದೇವೆ. ಆ ತಂತಿಯನ್ನು ನಾವು ಕೈಯಿಂದ ತಿರುಗಿಸುತ್ತಿದ್ದೇವೆಯೋ ಬ್ಯಾಟರಿಯಿಂದ ತಿರುಗಿಸುತ್ತಿದ್ದೇವೆಯೋ ಎಂಬುದರಿಂದ ನಿಯಮ ಬದಲಾಗುವುದಿಲ್ಲ. ಆದ್ದರಿಂದ ಓಡುತ್ತಿರುವ ಪ್ರತಿಯೊಂದು ಮೋಟಾರಿನೊಳಗೂ ಒಂದು ಜನರೇಟರ್ ಕೆಲಸ ಮಾಡುತ್ತಲೇ ಇರುತ್ತದೆ, ಮತ್ತು ಅದರ ವೋಲ್ಟೇಜ್ ನಾವು ಕೊಟ್ಟ ವೋಲ್ಟೇಜಿಗೆ ಎದುರಾಗಿ ನಿಲ್ಲುತ್ತದೆ. ಇದೇ ಹಿಮ್ಮುಖ ವಿದ್ಯುಚ್ಚಾಲಕ ಬಲ.

220 ವೋಲ್ಟಿನ ಒಂದು ಷಂಟ್ ಮೋಟಾರನ್ನು, ಅಂದರೆ ಫೀಲ್ಡ್ ಸುರುಳಿ ಆರ್ಮೇಚರಿಗೆ ಸಮಾಂತರವಾಗಿರುವ ಮೋಟಾರನ್ನು, ತೆಗೆದುಕೊಳ್ಳೋಣ. ಅದರ ಆರ್ಮೇಚರಿನ ರೋಧ ಅರ್ಧ ಓಮ್. ಓಮನ ನಿಯಮವನ್ನಷ್ಟೇ ನೆಚ್ಚಿಕೊಂಡರೆ ಅದರಲ್ಲಿ 440 ಆಂಪಿಯರ್ ಹರಿಯಬೇಕು. ಆದರೆ ಓಡುತ್ತಿರುವಾಗ ಅಳೆದರೆ ಆರ್ಮೇಚರಿನಲ್ಲಿ ಕೇವಲ 20 ಆಂಪಿಯರ್ ಇದೆ ಎನ್ನೋಣ. ಉಳಿದದ್ದು ಎಲ್ಲಿ ಹೋಯಿತು? 20 ಆಂಪಿಯರಿಗೆ ಅರ್ಧ ಓಮಿನಲ್ಲಿ ಇಳಿಯುವುದು 10 ವೋಲ್ಟ್ ಮಾತ್ರ. ಮಿಕ್ಕ 210 ವೋಲ್ಟನ್ನು ಎದುರಿಸಿ ನಿಂತಿರುವುದು ಹಿಮ್ಮುಖ ಬಲ. 210 ವೋಲ್ಟನ್ನು 20 ಆಂಪಿಯರಿನಿಂದ ಗುಣಿಸಿದಾಗ ಬರುವ 4200 ವ್ಯಾಟ್ ಯಾಂತ್ರಿಕ ಶಕ್ತಿಯಾಗಿ ಮಾರ್ಪಡುತ್ತದೆ (ಅದರಲ್ಲಿ ಒಂದಂಶ ಘರ್ಷಣೆಗೂ ಕಬ್ಬಿಣದ ನಷ್ಟಕ್ಕೂ ಹೋಗುತ್ತದೆ), 200 ವ್ಯಾಟ್ ತಾಮ್ರದಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಎದುರಿಗೆ ನಿಂತು ತಡೆಯುವ ಬಲವೆಂದು ಅದನ್ನು ಶತ್ರುವಿನಂತೆ ಕಾಣುವುದು ಸರಿಯಲ್ಲ. ವಿದ್ಯುತ್ತು ಕೆಲಸವಾಗುವುದು ಆ ಬಲದ ವಿರುದ್ಧ ಹರಿಯುವುದರಿಂದಲೇ.

ಈಗ ಮೋಟಾರಿನ ಮೇಲೆ ಇಮ್ಮಡಿ ಹೊರೆ ಬಿತ್ತು. ಆರ್ಮೇಚರ್ ಸ್ವಲ್ಪ ನಿಧಾನವಾಗುತ್ತದೆ, ಹಿಮ್ಮುಖ ಬಲ ತಗ್ಗುತ್ತದೆ, ಹೆಚ್ಚು ಪ್ರವಾಹ ಒಳಬರುತ್ತದೆ, ತಿರುಗುಬಲ ಹೆಚ್ಚುತ್ತದೆ. ಹಿಮ್ಮುಖ ಬಲ 200 ವೋಲ್ಟಿಗೆ ಇಳಿದಾಗ ಪ್ರವಾಹ 40 ಆಂಪಿಯರ್ ಆಗಿ ಹೊಸ ಸಮತೋಲನ ದೊರೆಯುತ್ತದೆ. ವೇಗ ಇಳಿದದ್ದು ಶೇಕಡಾ ಐದರಷ್ಟು ಮಾತ್ರ. ಯಾವ ಹೊರಗಿನ ನಿಯಂತ್ರಣವೂ ಇಲ್ಲದೆ, ತನ್ನ ಹೊರೆಗೆ ಎಷ್ಟು ಬೇಕೋ ಅಷ್ಟೇ ಪ್ರವಾಹವನ್ನು ಮೋಟಾರ್ ತಾನಾಗಿ ಸೆಳೆದುಕೊಳ್ಳುವ ಈ ವ್ಯವಸ್ಥೆ ನನಗೆ ಇಂದಿಗೂ ಅತ್ಯಂತ ಸುಂದರವಾಗಿ ಕಾಣುತ್ತದೆ.

ಬಳಕೆದಾರರು ಕೇಳುವ ಹಲವು ಪ್ರಶ್ನೆಗಳಿಗೆ ಉತ್ತರ ಇಲ್ಲಿಯೇ ಇದೆ. ಬೆನ್ನಿಗೆ ಹೊರುವ ಬ್ಯಾಟರಿ ಯಂತ್ರದಲ್ಲಿ ಬೋರ್ಡೋ ದ್ರಾವಣ ಬಿಟ್ಟು ತೊಳೆಯದೆ ಇಟ್ಟರೆ, ಸುಣ್ಣದ ಗಸಿ ಗಟ್ಟಿಯಾಗಿ ಪಂಪ್ ಸಿಕ್ಕಿಹಾಕಿಕೊಳ್ಳುತ್ತದೆ. ಮರುದಿನ ಸ್ವಿಚ್ ಹಾಕಿದಾಗ ಮೋಟಾರ್ ತಿರುಗುವುದಿಲ್ಲ. ತಿರುಗದಿದ್ದರೆ ಹಿಮ್ಮುಖ ಬಲವಿಲ್ಲ. ಹಿಮ್ಮುಖ ಬಲವಿಲ್ಲದಿದ್ದರೆ ಪ್ರವಾಹಕ್ಕೆ ತಡೆಯೆಂದರೆ ತಾಮ್ರದ ಅಲ್ಪ ರೋಧವೊಂದೇ. ಫ್ಯೂಸ್ ಹೋಗದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸುರುಳಿ ಸುಟ್ಟ ವಾಸನೆ ಬರುತ್ತದೆ. ಸುಟ್ಟದ್ದು ಮೋಟಾರ್ ಕಳಪೆಯಾದ್ದರಿಂದ ಅಲ್ಲ, ನಿಂತ ಮೋಟಾರಿಗೆ ಕರೆಂಟ್ ಕೊಟ್ಟದ್ದರಿಂದ. ಮದ್ದು ಬಿಟ್ಟಾದ ಮೇಲೆ ಶುದ್ಧ ನೀರನ್ನು ಒಮ್ಮೆ ಪಂಪ್ ಮಾಡಿ ಇಡಬೇಕೆನ್ನುವುದು ಇದಕ್ಕೇ.

ಇಳಿಜಾರಿನಲ್ಲಿ ವಿದ್ಯುತ್ ವಾಹನದ ಬ್ಯಾಟರಿ ಚಾರ್ಜ್ ಆಗುವುದು ನಿಜವೇ?

ಆ ಸೌಲಭ್ಯ ಅಳವಡಿಸಿರುವ ವಾಹನಗಳಲ್ಲಿ ನಿಜ. ಚಕ್ರಗಳೇ ಮೋಟಾರನ್ನು ತಿರುಗಿಸತೊಡಗಿ ಅದರೊಳಗೆ ಹುಟ್ಟುವ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜನ್ನು ಮೀರಿದರೆ, ಅಥವಾ ಕಂಟ್ರೋಲರ್ ಅದನ್ನು ಮೀರುವಂತೆ ಏರಿಸಿದರೆ, ಪ್ರವಾಹ ಬ್ಯಾಟರಿಯ ಕಡೆಗೆ ಹರಿಯುತ್ತದೆ. ಮೋಟಾರ್ ಆಗ ಜನರೇಟರ್ ಆಗಿರುತ್ತದೆ, ವಾಹನಕ್ಕೆ ಬ್ರೇಕೂ ಆಗಿರುತ್ತದೆ.

ದೊಡ್ಡ ಡಿಸಿ ಮೋಟಾರಿಗೆ ಸ್ಟಾರ್ಟರ್ ಏಕೆ ಬೇಕು?

ಮೇಲಿನ ಮೋಟಾರನ್ನೇ ನೋಡಿ. ಸ್ವಿಚ್ ಹಾಕುವ ಕ್ಷಣದಲ್ಲಿ ಅದು ನಿಂತಿರುತ್ತದೆ, ಆದ್ದರಿಂದ 440 ಆಂಪಿಯರ್ ನುಗ್ಗುತ್ತದೆ. ಆರಂಭದಲ್ಲಿ 5 ಓಮಿನ ರೋಧವನ್ನು ಆರ್ಮೇಚರಿನೊಂದಿಗೆ ಸರಣಿಯಲ್ಲಿ ಸೇರಿಸಿದರೆ ಒಟ್ಟು ರೋಧ ಐದೂವರೆ ಓಮ್ ಆಗಿ ಪ್ರವಾಹ 40 ಆಂಪಿಯರಿಗೆ ಸೀಮಿತವಾಗುತ್ತದೆ. ವೇಗ ಏರಿದಂತೆ ಹಿಡಿಯನ್ನು ಸರಿಸಿ ಆ ರೋಧವನ್ನು ಹಂತಹಂತವಾಗಿ ಕಳಚಲಾಗುತ್ತದೆ. ಕರೆಂಟ್ ಹೋದರೆ ಹಿಡಿಯನ್ನು ಬಿಟ್ಟುಬಿಡುವ ಒಂದು ವಿದ್ಯುತ್ಕಾಂತವೂ ಸ್ಟಾರ್ಟರಿನಲ್ಲಿರುತ್ತದೆ. ಕರೆಂಟ್ ಮರಳಿ ಬಂದಾಗ ನಿಂತ ಮೋಟಾರಿಗೆ ಪೂರ್ತಿ ವೋಲ್ಟೇಜ್ ಬೀಳದಿರಲೆಂದು. ಬ್ಯಾಟರಿಯಿಂದ ನಡೆಯುವ ಚಿಕ್ಕ ಮೋಟಾರುಗಳಿಗೆ ಇದರ ಅಗತ್ಯವಿಲ್ಲ.

ಸೀರೀಸ್, ಷಂಟ್, ಕಾಂಪೌಂಡ್ ಎಂಬ ಭೇದ ಯಾವುದು?

ಫೀಲ್ಡ್ ಸುರುಳಿಯನ್ನು ಆರ್ಮೇಚರಿಗೆ ಹೇಗೆ ಜೋಡಿಸಿದೆ ಎಂಬುದರಿಂದ ಬರುವ ಭೇದ ಇದು. ಷಂಟ್‌ನಲ್ಲಿ ತೆಳು ತಂತಿಯ, ಬಹಳ ಸುತ್ತುಗಳ ಸುರುಳಿ ಆರ್ಮೇಚರಿಗೆ ಸಮಾಂತರವಾಗಿರುತ್ತದೆ. ಫ್ಲಕ್ಸ್ ಹೆಚ್ಚುಕಡಮೆ ಸ್ಥಿರ, ವೇಗವೂ ಸ್ಥಿರ. ಸೀರೀಸ್‌ನಲ್ಲಿ ದಪ್ಪ ತಂತಿಯ, ಕಡಿಮೆ ಸುತ್ತುಗಳ ಸುರುಳಿ ಆರ್ಮೇಚರಿನೊಂದಿಗೆ ಸರಣಿಯಲ್ಲಿರುತ್ತದೆ. ಎರಡೂ ಸುರುಳಿಗಳಿರುವುದು ಕಾಂಪೌಂಡ್.

ಸೀರೀಸ್ ಮೋಟಾರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇದರಲ್ಲಿ ಪ್ರವಾಹ ಹೆಚ್ಚಿದರೆ ಫ್ಲಕ್ಸೂ ಹೆಚ್ಚುತ್ತದೆ, ಆದ್ದರಿಂದ ಕಬ್ಬಿಣ ಕಾಂತೀಯವಾಗಿ ತುಂಬಿಕೊಳ್ಳುವವರೆಗೆ ತಿರುಗುಬಲ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಇಮ್ಮಡಿಯಾದರೆ ತಿರುಗುಬಲ ನಾಲ್ಕು ಪಟ್ಟು. ನಿಂತ ರೈಲನ್ನು ಎಳೆದು ಹೊರಡಿಸಲು, ತಣ್ಣಗಿರುವ ಎಂಜಿನ್ನನ್ನು ತಿರುಗಿಸಲು ಬೇಕಾದ ಗುಣವೇ ಇದು. 1895ರಲ್ಲಿ ಮದರಾಸಿನಲ್ಲಿ ವಿದ್ಯುತ್ ಟ್ರಾಮ್ ಆರಂಭವಾದುದೂ, 1925ರ ಫೆಬ್ರವರಿ 3ರಂದು ಬೊಂಬಾಯಿಯಿಂದ ಕುರ್ಲಾಕ್ಕೆ 1500 ವೋಲ್ಟ್ ಡಿಸಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿದುದೂ ಡಿಸಿ ಮೋಟಾರುಗಳ ಬಲದಿಂದ. ನಮ್ಮ ಶೊರನೂರು–ಮಂಗಳೂರು ಮಾರ್ಗದ ಮೇಲಿನ ತಂತಿಯಲ್ಲಿ ಇರುವುದು 25,000 ವೋಲ್ಟಿನ ಎಸಿ. ಆದರೂ ವ್ಯಾಪ್-4 ಬಗೆಯ ಎಂಜಿನ್ನುಗಳು ಅದನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ, ರೆಕ್ಟಿಫೈಯರಿನಿಂದ ಡಿಸಿಯಾಗಿ ಮಾಡಿ, ಆರು ಸೀರೀಸ್ ಮೋಟಾರುಗಳಿಗೆ ಕೊಡುತ್ತವೆ. ಹೊಸ ಬಗೆಯ ಎಂಜಿನ್ನುಗಳಲ್ಲಿ ಆ ಜಾಗಕ್ಕೆ ಮೂರು ಫೇಸಿನ ಎಸಿ ಮೋಟಾರುಗಳು ಬಂದಿವೆ.

ಸೀರೀಸ್ ಮೋಟಾರನ್ನು ಹೊರೆಯಿಲ್ಲದೆ ಓಡಿಸಬಾರದು ಎನ್ನುವುದಕ್ಕೆ ಕಾರಣವೇನು?

ಹೊರೆಯಿಲ್ಲದಿದ್ದರೆ ಪ್ರವಾಹ ಕಡಿಮೆ, ಪ್ರವಾಹ ಕಡಿಮೆಯಾದರೆ ಫ್ಲಕ್ಸೂ ಕಡಿಮೆ. ದುರ್ಬಲವಾದ ಫ್ಲಕ್ಸಿನಲ್ಲಿ ಸಾಕಷ್ಟು ಹಿಮ್ಮುಖ ಬಲವನ್ನು ಹುಟ್ಟಿಸಲು ಆರ್ಮೇಚರ್ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ. ವೇಗ ಏರುತ್ತಲೇ ಹೋಗಿ, ತಂತಿಗಳು ಸೀಳುಗಳಿಂದ ಕಿತ್ತುಬರುವಷ್ಟು ಅಪಾಯಕಾರಿಯಾಗಬಹುದು. ಆದ್ದರಿಂದ ದೊಡ್ಡ ಸೀರೀಸ್ ಮೋಟಾರನ್ನು ಬೆಲ್ಟಿನಿಂದ ಜೋಡಿಸುವುದಿಲ್ಲ. ಬೆಲ್ಟ್ ಕಡಿದರೆ ಹೊರೆಯೇ ಇಲ್ಲವಾಗುತ್ತದೆ. ಷಂಟ್ ಮೋಟಾರ್ ಓಡುತ್ತಿರುವಾಗ ಫೀಲ್ಡ್ ತಂತಿ ಕಳಚಿಹೋದರೂ ಇದೇ ಬಗೆಯ ಅಪಾಯವಿದೆ.

ಫೀಲ್ಡ್ ದುರ್ಬಲವಾದರೆ ವೇಗ ಹೆಚ್ಚುವುದು ಹೇಗೆ? ಕಡಿಮೆಯಾಗಬೇಕಲ್ಲವೇ?

ಮೇಲಿನ ಷಂಟ್ ಮೋಟಾರಿನ ಫ್ಲಕ್ಸನ್ನು ಶೇಕಡಾ ಹತ್ತರಷ್ಟು ತಗ್ಗಿಸಿದೆವು ಎನ್ನೋಣ. ವೇಗ ಬದಲಾಗುವ ಮೊದಲೇ ಹಿಮ್ಮುಖ ಬಲ 210ರಿಂದ 189 ವೋಲ್ಟಿಗೆ ಇಳಿಯುತ್ತದೆ. ಈಗ ಆರ್ಮೇಚರಿನ ಪಾಲಿಗೆ ಉಳಿದದ್ದು 31 ವೋಲ್ಟ್. ಅರ್ಧ ಓಮಿನಲ್ಲಿ ಅದು 62 ಆಂಪಿಯರನ್ನು ಹರಿಸುತ್ತದೆ. ಫ್ಲಕ್ಸ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೂ ಪ್ರವಾಹ ಮೂರು ಪಟ್ಟಾದ್ದರಿಂದ ತಿರುಗುಬಲ ಸುಮಾರು 2.8 ಪಟ್ಟಾಗಿ ಮೋಟಾರ್ ಮುನ್ನುಗ್ಗುತ್ತದೆ. ಹಿಮ್ಮುಖ ಬಲ ಮತ್ತೆ ಏರಿ ಪ್ರವಾಹವನ್ನು ಹಿಡಿತಕ್ಕೆ ತಂದಾಗ ಹೊಸ, ಹೆಚ್ಚಿನ ವೇಗ ನೆಲೆಗೊಳ್ಳುತ್ತದೆ. ನಿಗದಿತ ವೇಗಕ್ಕಿಂತ ಮೇಲಕ್ಕೆ ಹೋಗಲು ಫೀಲ್ಡನ್ನು ತಗ್ಗಿಸುವುದು, ಕೆಳಕ್ಕೆ ಬರಲು ಆರ್ಮೇಚರಿನ ವೋಲ್ಟೇಜನ್ನು ತಗ್ಗಿಸುವುದು ರೂಢಿ.

ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರೆ ಮೋಟಾರ್ ಹಿಂದಕ್ಕೆ ತಿರುಗುತ್ತದೆಯೇ?

ಶಾಶ್ವತ ಆಯಸ್ಕಾಂತದ ಮೋಟಾರಾದರೆ ತಿರುಗುತ್ತದೆ. ಫೀಲ್ಡ್ ಸುರುಳಿ ಇರುವ ಸೀರೀಸ್ ಮೋಟಾರಾದರೆ ಇಲ್ಲ, ಏಕೆಂದರೆ ಫೀಲ್ಡಿನ ಪ್ರವಾಹವೂ ಆರ್ಮೇಚರಿನ ಪ್ರವಾಹವೂ ಒಟ್ಟಿಗೆ ತಿರುಗುಮುರುಗಾಗಿ ತಿರುಗುಬಲದ ದಿಕ್ಕು ಮೊದಲಿನಂತೆಯೇ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಅದಲುಬದಲು ಮಾಡಬೇಕು. ಇದೇ ಕಾರಣಕ್ಕೆ ಸೀರೀಸ್ ಮೋಟಾರ್ ಎಸಿಯಲ್ಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ಅಡುಗೆಮನೆಯ ಮಿಕ್ಸಿ ಮತ್ತು ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಮೆಷಿನ್ನುಗಳಲ್ಲಿ ಇರುವುದು ಎಸಿಗೆ ಒಗ್ಗುವಂತೆ ಫೀಲ್ಡನ್ನೂ ಹಾಳೆಗಳಿಂದ ಕಟ್ಟಿದ ಇಂಥ ಮೋಟಾರೇ. ಅವುಗಳಿಗೆ ಆಗಾಗ ಕಾರ್ಬನ್ ಬದಲಿಸಬೇಕಾಗುವುದೂ ಅದರಿಂದಲೇ.

ಷಂಟ್ ಜನರೇಟರಿಗೆ ಫೀಲ್ಡ್ ಬೇಕು, ಫೀಲ್ಡಿಗೆ ಕರೆಂಟ್ ಬೇಕು. ಮೊದಲ ಕರೆಂಟ್ ಎಲ್ಲಿಂದ ಬರುತ್ತದೆ?

ಹಿಂದೆ ಓಡಿದಾಗ ಧ್ರುವಗಳ ಕಬ್ಬಿಣದಲ್ಲಿ ಉಳಿದುಕೊಂಡ ಅಲ್ಪ ಕಾಂತತ್ವದಿಂದ. ಆರ್ಮೇಚರ್ ತಿರುಗಿದಾಗ ಆ ಉಳಿಕೆಯಿಂದ ಕೆಲವೇ ವೋಲ್ಟ್ ಹುಟ್ಟುತ್ತದೆ, ಅದು ಫೀಲ್ಡಿಗೆ ಅಲ್ಪ ಪ್ರವಾಹ ಕೊಡುತ್ತದೆ, ಕಾಂತತ್ವ ಹೆಚ್ಚುತ್ತದೆ, ವೋಲ್ಟೇಜ್ ಇನ್ನಷ್ಟು ಏರುತ್ತದೆ. ಕಬ್ಬಿಣ ಕಾಂತೀಯವಾಗಿ ತುಂಬಿಕೊಂಡಾಗ ಏರಿಕೆ ನಿಲ್ಲುತ್ತದೆ. ವರ್ನರ್ ಸೀಮೆನ್ಸ್ 1866ರಲ್ಲಿ ತನ್ನ ಫೀಲ್ಡನ್ನು ತಾನೇ ಬೆಳೆಸಿಕೊಳ್ಳುವ ಈ ತತ್ವವನ್ನು ಯಂತ್ರವಾಗಿಸಿದ ಬಳಿಕವೇ ದೊಡ್ಡ ಜನರೇಟರುಗಳ ನಿರ್ಮಾಣಕ್ಕೆ ದಾರಿಯಾಯಿತು.

ವೋಲ್ಟೇಜ್ ಏರದಿದ್ದರೆ ಪರೀಕ್ಷಿಸಬೇಕಾದದ್ದು ಇಷ್ಟು: ಉಳಿಕೆ ಕಾಂತತ್ವ ಅಳಿದುಹೋಗಿರಬಹುದು, ಫೀಲ್ಡಿನ ತಂತಿಗಳು ತಿರುಗುಮುರುಗಾಗಿರಬಹುದು, ಯಂತ್ರ ವಿರುದ್ಧ ದಿಕ್ಕಿಗೆ ತಿರುಗುತ್ತಿರಬಹುದು, ವೇಗ ಸಾಲದಿರಬಹುದು, ಇಲ್ಲವೇ ಬ್ರಷ್ ಸರಿಯಾಗಿ ತಾಗದೆ ಫೀಲ್ಡ್ ಸರ್ಕಿಟಿನ ರೋಧ ಮಿತಿಮೀರಿರಬಹುದು. ಮೊದಲನೆಯದಾದರೆ ಬ್ಯಾಟರಿಯಿಂದ ಫೀಲ್ಡಿಗೆ ಸರಿಯಾದ ದಿಕ್ಕಿನಲ್ಲಿ ಸ್ವಲ್ಪ ಹೊತ್ತು ಪ್ರವಾಹ ಕೊಟ್ಟರೆ ಸಾಕು.

ಬ್ರಷ್‌ಗಳ ಬಳಿ ಕಿಡಿ ಹಾರುವುದೇಕೆ?

ಬ್ರಷ್ ಒಂದು ಹೋಳಿನಿಂದ ಇನ್ನೊಂದಕ್ಕೆ ಸರಿಯುವ ಅತ್ಯಲ್ಪ ಕಾಲದಲ್ಲಿ ಒಂದು ಸುರುಳಿಯ ಪ್ರವಾಹ ಪೂರ್ತಿಯಾಗಿ ತಿರುಗಬೇಕು. ಸುರುಳಿಯ ಸ್ವಪ್ರೇರಕತ್ವ, ಅಂದರೆ ತನ್ನ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ, ಇದನ್ನು ವಿರೋಧಿಸುತ್ತದೆ. ಬದಲಾವಣೆ ಮುಗಿಯುವ ಮೊದಲೇ ಬ್ರಷ್ ಬಿಟ್ಟುಹೋದರೆ ಉಳಿದ ಪ್ರವಾಹ ಕಿಡಿಯಾಗಿ ಹಾರುತ್ತದೆ. ಇದರ ಜೊತೆಗೆ ಆರ್ಮೇಚರಿನ ಪ್ರವಾಹವೂ ತನ್ನದೇ ಕಾಂತಕ್ಷೇತ್ರವನ್ನು ಉಂಟುಮಾಡಿ ಮುಖ್ಯ ಕ್ಷೇತ್ರವನ್ನು ಓರೆಯಾಗಿಸುವುದರಿಂದ, ಬ್ರಷ್ ಇರಬೇಕಾದ ತಟಸ್ಥ ಸ್ಥಾನ ಹೊರೆಯೊಂದಿಗೆ ಸರಿಯುತ್ತದೆ. ದೊಡ್ಡ ಯಂತ್ರಗಳಲ್ಲಿ ಮುಖ್ಯ ಧ್ರುವಗಳ ನಡುವೆ ಚಿಕ್ಕ ಅಂತರಧ್ರುವಗಳನ್ನಿಟ್ಟು, ಅವುಗಳ ಸುರುಳಿಯಲ್ಲಿ ಆರ್ಮೇಚರಿನ ಪ್ರವಾಹವನ್ನೇ ಹರಿಸಿ, ಎರಡೂ ತೊಂದರೆಗಳನ್ನು ಒಟ್ಟಿಗೆ ಪರಿಹರಿಸುತ್ತಾರೆ.

ರಿಪೇರಿಯ ದೃಷ್ಟಿಯಿಂದ ನೋಡಿದರೆ ಕಾರಣ ಹೆಚ್ಚಾಗಿ ಸರಳವಾಗಿರುತ್ತದೆ: ಸವೆದು ಗಿಡ್ಡವಾದ ಕಾರ್ಬನ್, ಬಲ ಕಳೆದುಕೊಂಡ ಸ್ಪ್ರಿಂಗ್, ಅಥವಾ ತಾಮ್ರ ಸವೆದು ಮೇಲೆದ್ದ ಅಭ್ರಕ. ಕಮ್ಯುಟೇಟರಿನ ಸುತ್ತ ಉದ್ದನೆಯ ಕಿಡಿಯೊಂದು ಓಡುತ್ತಿದ್ದು ಒಂದೆರಡು ಹೋಳುಗಳು ಮಾತ್ರ ಸುಟ್ಟಿದ್ದರೆ, ಅಲ್ಲಿಗೆ ಬೆಸೆದ ಸುರುಳಿ ಕಡಿದಿದೆ ಎಂದು ಶಂಕಿಸಬೇಕು.

ಸೈಕಲ್ ಡೈನಮೊ ಡಿಸಿ ಕೊಡುತ್ತದೆಯೇ?

ಇಲ್ಲ. ಅದರಲ್ಲಿ ತಿರುಗುವುದು ಆಯಸ್ಕಾಂತ, ನಿಂತಿರುವುದು ಸುರುಳಿ. ಕಮ್ಯುಟೇಟರ್ ಇಲ್ಲವೇ ಇಲ್ಲ. ಬರುವುದು ಎಸಿ. ಇಂದಿನ ಕಾರುಗಳಲ್ಲೂ ಎಸಿಯನ್ನು ಹುಟ್ಟಿಸಿ, ಒಳಗಿರುವ ಡಯೋಡುಗಳಿಂದ ಡಿಸಿಯಾಗಿ ಮಾಡಿ ಬ್ಯಾಟರಿಗೆ ಕೊಡಲಾಗುತ್ತದೆ.

ತೋಟದ ಸೋಲಾರ್ ಪಂಪಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರ್ ಇದಕ್ಕಿಂತ ಬೇರೆಯೇ?

ತತ್ವ ಒಂದೇ, ವ್ಯವಸ್ಥೆ ತಿರುಗುಮುರುಗು. ಇದರಲ್ಲಿ ಆಯಸ್ಕಾಂತ ತಿರುಗುತ್ತದೆ, ಸುರುಳಿಗಳು ನಿಂತಿರುತ್ತವೆ. ಆಯಸ್ಕಾಂತ ಎಲ್ಲಿದೆ ಎಂಬುದನ್ನು ಕಂಟ್ರೋಲರ್ ಗಮನಿಸಿ ತಕ್ಕ ಸುರುಳಿಗೆ ಪ್ರವಾಹ ಕೊಡುತ್ತದೆ, ಅಂದರೆ ಕಮ್ಯುಟೇಟರ್ ಮಾಡುತ್ತಿದ್ದ ಕೆಲಸವನ್ನು ಟ್ರಾನ್ಸಿಸ್ಟರುಗಳು ಮಾಡುತ್ತವೆ. ಕೆಲವು ಮೋಟಾರುಗಳಲ್ಲಿ ಆಯಸ್ಕಾಂತದ ಸ್ಥಾನವನ್ನು ಅರಿಯಲು ಪ್ರತ್ಯೇಕ ಸೆನ್ಸರ್ ಕೂಡ ಇರುವುದಿಲ್ಲ, ಸುರುಳಿಯಲ್ಲಿ ಹುಟ್ಟುವ ಹಿಮ್ಮುಖ ಬಲವನ್ನೇ ಅಳೆದು ಅರಿಯಲಾಗುತ್ತದೆ. ಕಾರ್ಬನ್ ಇಲ್ಲ, ಕಿಡಿಯಿಲ್ಲ. ಬಾವಿಯೊಳಗೆ ಮುಳುಗಿಸಿಡುವ ಪಂಪಿಗೆ ಇದಕ್ಕಿಂತ ಯೋಗ್ಯವಾದದ್ದು ಬೇರೊಂದಿಲ್ಲ.

ನಮ್ಮ ಅಡಿಕೆ ತೋಟಗಳಿಗೆ ಇದು ಒಪ್ಪುತ್ತದೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ನೀರು ಬೇಕಾದ ಕಾಲದಲ್ಲೇ ಬಿಸಿಲೂ ಚೆನ್ನಾಗಿರುತ್ತದೆ. ಆದರೆ ಪ್ಯಾನೆಲಿನ ಮೇಲೆ ತೆಂಗಿನ ಗರಿಯದೋ ಅಡಿಕೆ ಸೋಗೆಯದೋ ನೆರಳು ಬಿದ್ದರೆ ನೀರು ತೀರಾ ಕಡಿಮೆಯಾಗುತ್ತದೆ. ಇದಕ್ಕಾಗಿ ಮೋಟಾರನ್ನು ದೂರುವುದು ಸಲ್ಲದು.

ವಿದ್ಯುತ್ ಸಾಗಣೆಯಲ್ಲಿ ಡಿಸಿಯ ಕಾಲ ಮುಗಿಯಿತೇ?

ಮುಗಿದಿಲ್ಲ. ಎಸಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಸುಲಭವಾಗಿ ಏರಿಸಿ ಇಳಿಸಬಹುದಾದ್ದರಿಂದ ಊರೂರಿಗೆ ಅದೇ ಹರಡಿತು. ಆದರೆ ಬಹುದೂರಕ್ಕೆ ದೊಡ್ಡ ಪ್ರಮಾಣದಲ್ಲಿ ಸಾಗಿಸುವಾಗ ಡಿಸಿಯೇ ಮೇಲು. 2021ರಲ್ಲಿ ಕಾರ್ಯಾರಂಭ ಮಾಡಿದ ಪುಗಳೂರು–ತ್ರಿಶ್ಶೂರು ಲೈನು 320 ಕಿಲೋವೋಲ್ಟ್ ಡಿಸಿಯಲ್ಲಿ 2000 ಮೆಗಾವ್ಯಾಟನ್ನು ಕೇರಳಕ್ಕೆ ತರಬಲ್ಲುದು. ಅಲ್ಲಿ ಡಿಸಿಯನ್ನು ಸಿದ್ಧಪಡಿಸುವುದು ತಿರುಗುವ ಯಂತ್ರವಲ್ಲ, ಅರೆವಾಹಕಗಳು.

ಮಳೆಗಾಲದಲ್ಲಿ ಬಿಡಿಸಿಟ್ಟ ಮೋಟಾರನ್ನು ಮತ್ತೆ ಬಳಸುವ ಮೊದಲು ಏನು ನೋಡಬೇಕು?

ಕರಾವಳಿಯ ತೇವದಲ್ಲಿ ಡಿಸಿ ಮೋಟಾರಿಗೆ ಬರುವ ಮುಖ್ಯ ತೊಂದರೆ ಇನ್ಸುಲೇಷನ್ನಿನದು. ಬ್ರಷ್ ಸವೆದು ಬಿದ್ದ ಇಂಗಾಲದ ಪುಡಿ ಸುರುಳಿಗಳ ಮೇಲೆ ಕೂತು, ಅದರೊಂದಿಗೆ ತೇವ ಸೇರಿದಾಗ, ತಾಮ್ರದಿಂದ ಕಬ್ಬಿಣಕ್ಕೆ ವಿದ್ಯುತ್ ಸೋರುವ ದಾರಿಯಾಗುತ್ತದೆ. ಮೊದಲು ಒಣ ಬ್ರಷ್ಷಿನಿಂದಲೂ ಹದವಾದ ಗಾಳಿಯಿಂದಲೂ ಪುಡಿಯನ್ನು ತೆಗೆಯಬೇಕು. 220 ವೋಲ್ಟಿನ ಮೋಟಾರಾದರೆ ಇನ್ಸುಲೇಷನ್ನಿನ ರೋಧವನ್ನು ಅಳೆಯುವ ಉಪಕರಣವಾದ 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಬಾಡಿಗೂ ನಡುವಣ ರೋಧವನ್ನು ಅಳೆಯಬೇಕು. ಅಳೆಯುವ ಮೊದಲು ಕಂಟ್ರೋಲರೋ ಬೇರೆ ಎಲೆಕ್ಟ್ರಾನಿಕ್ ಭಾಗಗಳೋ ಇದ್ದರೆ ಬಿಡಿಸಿಡಬೇಕು, ಇಲ್ಲವಾದರೆ ಮೆಗ್ಗರಿನ ವೋಲ್ಟೇಜಿಗೆ ಅವು ಹಾಳಾಗುತ್ತವೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಕರೆಂಟ್ ಕೊಡಬಾರದು. ಮುಚ್ಚಿದ ಪೆಟ್ಟಿಗೆಯಲ್ಲಿ ಬಲ್ಬಿನ ಹಿತವಾದ ಶಾಖದಲ್ಲಿಟ್ಟು ಒಣಗಿಸಿ ಮತ್ತೆ ಅಳೆದಾಗ ರೋಧ ಆ ಮಿತಿಯನ್ನು ದಾಟಿ ಏರಿದ್ದರೆ ದೋಷ ತೇವದ್ದು, ಮೋಟಾರನ್ನು ಜೋಡಿಸಬಹುದು. ಒಣಗಿದ ಮೇಲೂ ಏರದಿದ್ದರೆ ಆರ್ಮೇಚರನ್ನೂ ಫೀಲ್ಡನ್ನೂ ಬೇರೆ ಬೇರೆಯಾಗಿ ಅಳೆದು, ಯಾವುದರ ರೋಧ ಕಡಿಮೆಯಿದೆಯೋ ಅದನ್ನು ಮಾತ್ರ ರೀವೈಂಡಿಂಗಿಗೆ ಕೊಡಬೇಕು.